ಹೊಸ ಮೀಟರ್ ಹಾಕಿದರೂ ಆಯಿಲ್ ಪ್ರೆಷರ್ ಕಡಿಮೆಯೇ ತೋರಿಸುತ್ತಿದೆ, ಎಂಜಿನ್ ಬಿಚ್ಚಬೇಕಾ?

ಭತ್ತದ ಲೋಡ್, ಕಾರಟಗಿ

ಎಲ್ಲರಿಗೂ ನಮಸ್ಕಾರ. ನನ್ನದು 2004ರ ಟಾಟಾ 2515, ಹತ್ತು ಚಕ್ರ, ಕಮ್ಮಿನ್ಸ್ 5.9 ಲೀಟರ್ ಟರ್ಬೊ ಎಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಮಿಲ್ಲುಗಳಿಗೆ ಭತ್ತ ಹಾಕುತ್ತೇನೆ. ಅಕ್ಕಿ ಲೋಡ್ ಸಿಕ್ಕರೆ ಬಳ್ಳಾರಿ ತನಕ ಹೋಗುತ್ತೇನೆ.

ತೊಂದರೆ ಏನೆಂದರೆ ಆಯಿಲ್ ಪ್ರೆಷರ್ ಮೀಟರ್. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ 2.3 ಹತ್ತಿರ ಬರುತ್ತದೆ. ಬಿಸಿಯಾಗಿ ರೋಡಿನಲ್ಲಿ ಓಡುವಾಗ 1.8. ಗಂಗಾವತಿಯಲ್ಲಿ ಮಿಲ್ ಗೇಟಿನ ಮುಂದೆ ಲೈನಿನಲ್ಲಿ ನಿಂತು ಐಡಲ್ ಓಡಿದರೆ ಮುಳ್ಳು ಅರ್ಧಕ್ಕೆ, ಅಂದರೆ 0.5ಕ್ಕೆ ಇಳಿದುಬಿಡುತ್ತದೆ. ಡಯಲ್ 0ಯಿಂದ 5ರವರೆಗೆ ಇದೆ, ಲೆಕ್ಕ ಬಾರ್‌ನಲ್ಲಿ (ಒತ್ತಡದ ಅಳತೆ, ನಾವು ಕೆಜಿ ಅನ್ನುವುದೂ ಹೆಚ್ಚು ಕಮ್ಮಿ ಅಷ್ಟೇ). ಇದು ಕಂಪನಿ ಮೀಟರ್ ಅಲ್ಲ, ಹಿಂದಿನ ಮಾಲೀಕರು ಹೊರಗಡೆಯಿಂದ ತಂದು ಡ್ಯಾಶ್‌ಬೋರ್ಡಿನ ಕೆಳಗೆ ಪಟ್ಟಿ ಹೊಡೆದು ಕೂರಿಸಿದ್ದಾರೆ.

ಮೀಟರೇ ಕೆಟ್ಟಿರಬೇಕು ಅಂತ ಅದೇ ಥರದ್ದು, ಅದೇ 24 ವೋಲ್ಟಿನದು ಹೊಸದು ತಂದು ಹಾಕಿಸಿದೆ. ಕೂದಲಷ್ಟೂ ಬದಲಾಗಲಿಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ "ಬೇರಿಂಗ್ ಸವೆದಿದೆ, ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಬೇಕು, ಬಿಚ್ಚಿದ ಮೇಲೆ ಬೋರ್ ಕೆಲಸವನ್ನೂ ಮಾಡಿಸಿಬಿಡಿ" ಎಂದರು. ಲಕ್ಷದ ಮಾತು. ಎಂಜಿನ್‌ನಲ್ಲಿ ಬಡಿತ ಇಲ್ಲ, ಹೊಗೆ ಇಲ್ಲ, ಆಯಿಲ್ ಕುಡಿಯುವುದೂ ಇಲ್ಲ. ಎರಡನೇ ಬೆಳೆ ಕೊಯ್ಲು ಈಗ ಶುರುವಾಗಿದೆ. ಗಾಡಿ ನಿಂತರೆ ಈ ಸೀಸನ್ ಹೋದಂತೆಯೇ. ಏನು ಮಾಡಲಿ, ದಯವಿಟ್ಟು ತಿಳಿದವರು ಹೇಳಿ.

ಸಿಂಧನೂರು ಸ್ಟೇರಿಂಗ್

ಅಣ್ಣಾ, ಸದ್ದು ಸರಿ ಇದ್ದರೆ ಓಡಿಸಿ. ಈ ಬಿಸಿಲಿಗೆ ಯಾವ ಹಳೇ ಗಾಡಿಯ ಮುಳ್ಳೂ ಮೇಲೆ ನಿಲ್ಲುವುದಿಲ್ಲ. ಆಯಿಲ್ ಸ್ವಲ್ಪ ಗಟ್ಟಿ ಗ್ರೇಡಿನದು ಹಾಕಿ ನೋಡಿ, ಮುಳ್ಳು ಏಳುತ್ತದೆ.

ಹಳೇ ಮಿಸ್ತ್ರಿ, ಬಳ್ಳಾರಿ

ತಮ್ಮಾ ಸಿಂಧನೂರು, ಸದ್ದು ಬರುವವರೆಗೆ ಕಾಯಿರಿ ಅಂತ ಯಾರಿಗೂ ಹೇಳಬೇಡ. ಬೇರಿಂಗ್ ಬಡಿಯುವ ಸದ್ದು ಕಿವಿಗೆ ಬಿದ್ದಾಗ ಬೇರಿಂಗ್ ಆಗಲೇ ಹೋಗಿರುತ್ತದೆ, ಕ್ರ್ಯಾಂಕಿಗೂ ಗೆರೆ ಬಿದ್ದಿರುತ್ತದೆ. ಈ ಎಂಜಿನ್‌ಗೆ ಟರ್ಬೊ ಬೇರೆ ಇದೆ. ಟರ್ಬೊ ಶಾಫ್ಟ್ ಆಯಿಲ್ ಪದರದ ಮೇಲೆಯೇ ತಿರುಗುವುದು. ಆಯಿಲ್ ಕೊರತೆ ಆದರೆ ಅದು ಬೇಗ ಹೋಗುತ್ತದೆ. ಗಟ್ಟಿ ಆಯಿಲ್ ಹಾಕಿದರೆ ಮುಳ್ಳು ಏಳುತ್ತದೆ, ನಿಜ. ಆದರೆ ಅದರಿಂದ ರೋಗ ವಾಸಿ ಆಗುವುದಿಲ್ಲ, ಮುಚ್ಚಿಹೋಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಗಟ್ಟಿ ಆಯಿಲ್ ಮೇಲಕ್ಕೆ ತಲುಪುವುದೂ ತಡ. 15ಡಬ್ಲ್ಯೂ-40 ಗ್ರೇಡ್ ಅಂತ ಕಂಪನಿ ಹೇಳಿದ್ದರೆ ಅದನ್ನೇ ಹಾಕಬೇಕು.

ಕಾರಟಗಿಯವರೇ, ನಿಮಗೆ ಒಂದೇ ಮಾತು. ಮುಳ್ಳು ಹೇಳಿದ್ದನ್ನು ನಂಬಿ ಎಂಜಿನ್ ಬಿಚ್ಚಬೇಡಿ. ಸುಳ್ಳು ಅಂತ ತಳ್ಳಿ ಓಡಿಸಲೂ ಬೇಡಿ. ಮೊದಲು ಅಳೆಯಿರಿ. ಬ್ಲಾಕಿನಲ್ಲಿ ಈಗ ಸೆಂಡರ್ (ಪ್ರೆಷರನ್ನು ವೈರ್ ಮೂಲಕ ಮೀಟರ್‌ಗೆ ತಿಳಿಸುವ ಭಾಗ) ಕೂತಿದೆಯಲ್ಲ, ಅದನ್ನು ಬಿಚ್ಚಿ ಆ ಜಾಗಕ್ಕೆ ಅಡಾಪ್ಟರ್ ಹಾಕಿ, ಪೈಪಿನ ಮೆಕ್ಯಾನಿಕಲ್ ಗೇಜ್ ಹಚ್ಚಿ. ಅದಕ್ಕೆ ಕರೆಂಟ್ ಬೇಡ, ವೈರ್ ಬೇಡ. ಆಯಿಲ್ ನೇರವಾಗಿ ಗೇಜಿನೊಳಗಿನ ಬಾಗಿದ ಕೊಳವೆಗೆ ಹೋಗುತ್ತದೆ, ಒತ್ತಡಕ್ಕೆ ಆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದೇ ಮುಳ್ಳನ್ನು ತಿರುಗಿಸುತ್ತದೆ. ವೈರು, ಅರ್ಥ್, ಸೆಂಡರಿನ ಗೊಂದಲ ಅದರಲ್ಲಿ ಇಲ್ಲ.

5.9 ಕಮ್ಮಿನ್ಸ್‌ಗೆ ಕಂಪನಿ ಕೊಟ್ಟ ಕನಿಷ್ಠ ಲೆಕ್ಕ ಇಷ್ಟು: ಐಡಲ್‌ನಲ್ಲಿ 10 ಪಿಎಸ್‌ಐ, ಅಂದರೆ 0.7 ಕೆಜಿ. ಪೂರ್ತಿ ಆರ್‌ಪಿಎಂನಲ್ಲಿ 30 ಪಿಎಸ್‌ಐ, ಅಂದರೆ 2.1 ಕೆಜಿ. ನಿಮ್ಮ ಮೀಟರ್ ತೋರಿಸುವ 0.5, 1.8 ಎರಡೂ ಅದಕ್ಕಿಂತ ಕೆಳಗಿವೆ. ಮೀಟರ್ ನಿಜ ಹೇಳುತ್ತಿದ್ದರೆ ಆ ಗ್ಯಾರೇಜಿನವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅಳೆಯದೆ ಹೇಳಿದ್ದಾರೆ, ಅದು ನನಗೆ ಸರಿ ಕಾಣಲಿಲ್ಲ. ಅಳೆಯುವವರೆಗೆ ಲೋಡ್ ಹಾಕಬೇಡಿ.

ಸಂಡೂರು ಘಾಟ್

ಹಳೇ ಮಿಸ್ತ್ರಿ ಹೇಳಿದ್ದು ನೂರಕ್ಕೆ ನೂರು ಸರಿ. ನಾವು ದೋಣಿಮಲೈ ಕಡೆ ಅದಿರು ಹೊಡೆಯುವವರು. ಏರಿನಲ್ಲಿ ಒಂದು ವಿಷಯ ಗಮನಿಸಿ. ಚೇಂಬರಿನಲ್ಲಿ ಆಯಿಲ್ ಕಡಿಮೆ ಇದ್ದರೆ ಗಾಡಿ ವಾಲಿದಾಗ ಸ್ಟ್ರೈನರ್ (ಆಯಿಲ್ ಎಳೆಯುವ ಜಾಲರಿ) ಗಾಳಿ ಎಳೆಯುತ್ತದೆ, ಮುಳ್ಳು ಕುಣಿಯುತ್ತದೆ. ಅದಕ್ಕೇ ಗೇಜ್ ಹಚ್ಚುವ ಮೊದಲು ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ನೋಡಿ. ಲೆವೆಲ್ ಕಡಿಮೆ ಇದ್ದರೆ ಗೊತ್ತಾಗುತ್ತದೆ. ಲೆವೆಲ್ ತಾನಾಗಿಯೇ ಜಾಸ್ತಿ ಆಗಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ. ಕಡ್ಡಿ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಫೀಡ್ ಪಂಪ್ ಅಥವಾ ಡೀಸೆಲ್ ಪಂಪಿನ ಸೀಲ್‌ನಿಂದ ಡೀಸೆಲ್ ಇಳಿಯುತ್ತಿದೆ. ಆಯಿಲ್ ತೆಳ್ಳಗಾದರೆ ಪ್ರೆಷರ್ ಬೀಳಲೇಬೇಕು. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ.

ವೈರಿಂಗ್ ಮನೆ, ಗಂಗಾವತಿ

ನಾನು ಆಟೋ ಎಲೆಕ್ಟ್ರಿಷಿಯನ್. ಮೆಕ್ಯಾನಿಕಲ್ ಗೇಜ್ ಹುಡುಕುವ ಮುಂಚೆ ನೀವೇ ನಿಂತ ಜಾಗದಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ.

ಕರೆಂಟಿನ ಮೀಟರ್ ನಿಜವಾಗಿ ಪ್ರೆಷರ್ ಅಳೆಯುವುದಿಲ್ಲ. ಅಳೆಯುವುದು ಸೆಂಡರ್. ಸೆಂಡರಿನೊಳಗೆ ಒಂದು ತೆಳು ತಗಡಿನ ಪರದೆ ಇರುತ್ತದೆ. ಆಯಿಲ್ ಅದನ್ನು ತಳ್ಳಿದಷ್ಟೂ ಒಳಗಿನ ರೆಸಿಸ್ಟೆನ್ಸ್ ಬದಲಾಗುತ್ತದೆ. ಮೀಟರ್ ಆ ರೆಸಿಸ್ಟೆನ್ಸ್ ನೋಡಿ ಮುಳ್ಳು ತೋರಿಸುತ್ತದೆ. ಹಾಗಾಗಿ ಸೆಂಡರ್ ತಪ್ಪು ಹೇಳಿದರೆ ಎಷ್ಟು ಹೊಸ ಮೀಟರ್ ಹಾಕಿದರೂ ಅದೇ ತಪ್ಪನ್ನೇ ತೋರಿಸುತ್ತದೆ. ನಿಮ್ಮಲ್ಲಿ ಹಳೇ ಮೀಟರ್, ಹೊಸ ಮೀಟರ್ ಎರಡೂ ಒಂದೇ ತೋರಿಸಿವೆ ಅಂದಾಗಲೇ ನನಗೆ ಅನುಮಾನ ಸೆಂಡರ್ ಮೇಲೆ ಹೋಯಿತು.

ಹೊರಗಿನ ಮೀಟರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ವಿಡಿಒ (ಜರ್ಮನಿಯ ಮೀಟರ್ ಬ್ರ್ಯಾಂಡ್) ಥರದವು: ಪ್ರೆಷರ್ ಸೊನ್ನೆ ಇದ್ದಾಗ ಸುಮಾರು 10 ಓಮ್, ಪೂರ್ತಿ ಇದ್ದಾಗ ಸುಮಾರು 184 ಓಮ್. ಅಮೆರಿಕದ ಥರದವು ಉಲ್ಟಾ: ಸೊನ್ನೆಗೆ 240 ಓಮ್, ಪೂರ್ತಿಗೆ 33 ಓಮ್. ಒಂದರ ಸೆಂಡರ್ ಇನ್ನೊಂದರ ಮೀಟರ್‌ಗೆ ಹಾಕಿದರೆ ಮುಳ್ಳು ಹೇಳುವುದಕ್ಕೆ ಅರ್ಥವೇ ಇರುವುದಿಲ್ಲ.

ಈಗ ಪರೀಕ್ಷೆ. ಎಂಜಿನ್ ಆಫ್ ಇರಲಿ, ಕೀ ಆನ್ ಮಾಡಿ. ಸೆಂಡರಿನಿಂದ ಮೀಟರ್ ವೈರ್ ಕಿತ್ತು ಗಾಳಿಯಲ್ಲಿ ಹಿಡಿಯಿರಿ. ವಿಡಿಒ ಥರದ್ದಾದರೆ ಮುಳ್ಳು ಪೂರ್ತಿ ಮೇಲಕ್ಕೆ ಹೋಗಬೇಕು. ಅದೇ ವೈರನ್ನು ಎಂಜಿನ್ ಬಾಡಿಗೆ ಒಂದು ಕ್ಷಣ ತಾಗಿಸಿ, ಮುಳ್ಳು ಸೊನ್ನೆಗೆ ಬರಬೇಕು. ಇನ್ನೊಂದು ಜಾತಿಗೆ ಇದರ ಉಲ್ಟಾ. ಕ್ಷಣ ಮಾತ್ರ ತಾಗಿಸಿ, ಹಿಡಿದುಕೊಂಡೇ ಇರಬೇಡಿ. ಕೆಲವು ಹಳೇ ಮೀಟರ್‌ಗಳ ಒಳಗಿನ ಬಿಸಿ ತಂತಿ ಸುಟ್ಟುಹೋಗುತ್ತದೆ. ಎರಡೂ ಕಡೆ ಮುಳ್ಳು ಸರಿಯಾಗಿ ಹೋದರೆ ಮೀಟರೂ ವೈರೂ ಸರಿ ಇವೆ, ಉಳಿದಿದ್ದು ಸೆಂಡರ್ ಮತ್ತು ಎಂಜಿನ್.

ಮತ್ತೊಂದು. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಹತ್ತುತ್ತದೆಯಾ? ಹತ್ತದಿದ್ದರೆ ಬಲ್ಬೋ ವೈರೋ ಹೋಗಿರಬಹುದು, ಅದನ್ನು ಇವತ್ತೇ ಸರಿ ಮಾಡಿಸಿ.

ಭತ್ತದ ಲೋಡ್, ಕಾರಟಗಿ

ಎಲ್ಲರಿಗೂ ತುಂಬಾ ಧನ್ಯವಾದ. ಲೋಡ್ ಬಿಟ್ಟಿದ್ದೇನೆ. ಆಯಿಲ್ ಲೆವೆಲ್ ಸರಿ ಇದೆ, ಡೀಸೆಲ್ ವಾಸನೆ ಇಲ್ಲ, ಬಣ್ಣ ಕಪ್ಪೇ.

ವೈರ್ ಕಿತ್ತರೆ ಮುಳ್ಳು 5 ದಾಟಿ ಹೋಗಿ ಕಡ್ಡಿಗೆ ತಾಗಿ ನಿಂತಿತು. ಬಾಡಿಗೆ ತಾಗಿಸಿದರೆ ಸೊನ್ನೆ. ಹಳೇ ಮೀಟರ್ ಹಾಕಿ ನೋಡಿದೆ, ಅದೂ ಹಾಗೆಯೇ. ಅಂದರೆ ನಾನು ತೆಗೆದದ್ದೂ ಒಳ್ಳೆಯ ಮೀಟರೇ ಅಲ್ವಾ?

ಸೆಂಡರ್ ಮೇಲೆ ಧೂಳು, ಆಯಿಲ್ ಜಿಡ್ಡು ಸೇರಿ ಬೆರಳು ದಪ್ಪ ಕೂತಿತ್ತು. ಬಟ್ಟೆಗೆ ಡೀಸೆಲ್ ಹಾಕಿ ಒರೆಸಿದೆ. ಮೇಲೆ ಎರಡು ಸ್ಕ್ರೂ ಇವೆ, ಒಂದಕ್ಕೆ ಜಿ ಅಂತ ಇದೆ, ಇನ್ನೊಂದಕ್ಕೆ ಡಬ್ಲ್ಯೂಕೆ. ಜಿ ಸ್ಕ್ರೂ ಕೆಳಗೆ ಹಸಿರು ಕಿಲುಬು. ಕೆಳಗಡೆ ಆರು ಮೂಲೆ ಇರುವ ಕಡೆ 10 ಬಾರ್ ಅಂತ ಕೊರೆದಿದೆ. ಕೆಂಪು ಲೈಟ್ ಕೀ ಆನ್‌ಗೆ ಹತ್ತುತ್ತದೆ, ಸ್ಟಾರ್ಟ್ ಆದ ಮೇಲೆ ಆರುತ್ತದೆ.

ವೈರಿಂಗ್ ಮನೆ, ಗಂಗಾವತಿ

10 ಬಾರ್! ನಿಮ್ಮ ಡಯಲ್ 5ರವರೆಗೆ ಮಾತ್ರ ಇದೆ ಎಂದಿರಲ್ಲ. ನನ್ನ ಪ್ರಕಾರ ಸಿಕ್ಕಿಬಿದ್ದಿದೆ.

ವಿಡಿಒ ಥರದಲ್ಲಿ 5 ಬಾರ್ ಸೆಂಡರಿಗೂ 10 ಬಾರ್ ಸೆಂಡರಿಗೂ ಓಮ್ ಲೆಕ್ಕ ಒಂದೇ, 10ರಿಂದ 184. ಆದರೆ ಒಂದು 5 ಬಾರಿಗೆ 184 ಮುಟ್ಟುತ್ತದೆ, ಇನ್ನೊಂದು 10 ಬಾರಿಗೆ. 5ರ ಮೀಟರ್‌ಗೆ 10ರ ಸೆಂಡರ್ ಹಚ್ಚಿದರೆ ಎಂಜಿನ್‌ನಲ್ಲಿ 4 ಇದ್ದರೂ ಮುಳ್ಳು 2ರ ಹತ್ತಿರವೇ ನಿಲ್ಲುತ್ತದೆ. ಎಲ್ಲ ಕಡೆಯೂ ಹೆಚ್ಚು ಕಮ್ಮಿ ಅರ್ಧ. ನಿಮ್ಮ 2.3, 1.8, 0.5 ಮೂರನ್ನೂ ದುಪ್ಪಟ್ಟು ಮಾಡಿ ನೋಡಿ. 4.6, 3.6, 1. ಇದು ಆರೋಗ್ಯವಂತ ಕಮ್ಮಿನ್ಸ್ ಲೆಕ್ಕ.

ಇದರ ಉಲ್ಟಾ ಆಗಿದ್ದರೆ ಎಷ್ಟು ಅಪಾಯ ಅಂತ ಯೋಚಿಸಿ. 10ರ ಡಯಲ್‌ಗೆ 5ರ ಸೆಂಡರ್ ಹಾಕಿದರೆ ಮುಳ್ಳು ದುಪ್ಪಟ್ಟು ತೋರಿಸುತ್ತದೆ. ಎಂಜಿನ್ ಒಣಗುತ್ತಿದ್ದರೂ ಡ್ರೈವರ್ ನಿಶ್ಚಿಂತೆಯಿಂದ ಕೂತಿರುತ್ತಾನೆ.

ಹಳೇ ಮಿಸ್ತ್ರಿ, ಬಳ್ಳಾರಿ

ಗಂಗಾವತಿಯವರು ಚೆನ್ನಾಗಿ ಹಿಡಿದರು. ಆದರೂ ಕಾರಟಗಿಯವರೇ, ಗುಣಾಕಾರ ಮಾಡಿ ಸಮಾಧಾನ ಪಟ್ಟುಕೊಂಡು ಲೋಡ್ ತುಂಬಬೇಡಿ. ಸೆಂಡರ್ ಹಳೆಯದು, ಅದರ ಮೇಲೆ ಕಿಲುಬು ಬೇರೆ. ಗೇಜ್ ಹಚ್ಚಿ ನೋಡಿ.

ಹಚ್ಚುವಾಗ ಕೆಲವು ಮಾತು. ಸೆಂಡರ್ ಬಿಚ್ಚಲು ಕೆಳಗಿನ ಆರು ಮೂಲೆಗೆ ಮಾತ್ರ ಪಾನಾ ಹಾಕಿ, ಮೇಲಿನ ಡಬ್ಬಿಯನ್ನು ಹಿಡಿದು ತಿರುಗಿಸಬೇಡಿ, ತಿರುಚಿಹೋಗುತ್ತದೆ. ಅಡಾಪ್ಟರ್ ಚೂಡಿ (ಥ್ರೆಡ್) ಸರಿ ಹೊಂದಬೇಕು. ಕೈಯಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗದಿದ್ದರೆ ಅದು ಬೇರೆ ಚೂಡಿ. ಜಬರದಸ್ತಿ ಮಾಡಿದರೆ ಬ್ಲಾಕ್ ಹಾಳು. ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡಿಗೂ ಫ್ಯಾನಿಗೂ ದೂರ ಕಟ್ಟಿ. ಸ್ಟಾರ್ಟ್ ಮಾಡಿದ ಮೇಲೆ 15 ಸೆಕೆಂಡಿನಲ್ಲಿ ಪ್ರೆಷರ್ ಏಳದಿದ್ದರೆ ತಕ್ಷಣ ಆಫ್ ಮಾಡಿ.

ತಣ್ಣಗಿದ್ದಾಗಿನ ಲೆಕ್ಕ ನೋಡಿ ಖುಷಿಪಡಬೇಡಿ. ತಣ್ಣಗಿನ ಆಯಿಲ್ ಗಟ್ಟಿ ಇರುತ್ತದೆ, ಸವೆದ ಎಂಜಿನ್ ಕೂಡ ಆಗ ಚೆನ್ನಾಗಿ ತೋರಿಸುತ್ತದೆ. ಗಾಡಿ ಓಡಿಸಿ ಪೂರ್ತಿ ಬಿಸಿ ಮಾಡಿ, ಆಮೇಲೆ ಐಡಲ್‌ನಲ್ಲಿ ನೋಡಿ. ನಿಜ ಹೇಳುವುದು ಅದೇ.

ಶಕ್ತಿನಗರ ಬಲ್ಕರ್

ನಾನು ಥರ್ಮಲ್ ವಿದ್ಯುತ್ ಕೇಂದ್ರದಿಂದ ಬೂದಿ ಬಲ್ಕರ್ (ಬೂದಿ ಸಾಗಿಸುವ ಟ್ಯಾಂಕರ್ ಲಾರಿ) ಓಡಿಸುವವನು. ರಾಯಚೂರು ಬಿಸಿಲು ಎಲ್ಲರಿಗೂ ಗೊತ್ತು. ಮೇ ತಿಂಗಳಲ್ಲಿ ಮಧ್ಯಾಹ್ನ ಲೋಡಿಂಗ್‌ಗೆ ನಿಂತಾಗ ಐಡಲ್ ಪ್ರೆಷರ್ ಚಳಿಗಾಲಕ್ಕಿಂತ ಕೆಳಗಿರುವುದು ಸಹಜ. ಅದಕ್ಕೇ ನಮ್ಮ ಗಾಡಿಯಲ್ಲಿ ಡಯಲ್ ಪಕ್ಕ ಬಿಸಿ ಐಡಲ್, ಬಿಸಿ ಓಟ ಎರಡರ ಲೆಕ್ಕವನ್ನೂ ಪೇಂಟಿನಲ್ಲಿ ಬರೆದಿಟ್ಟಿದ್ದೇವೆ. ಡ್ರೈವರ್ ಬದಲಾದರೂ ಎಷ್ಟಿರಬೇಕು ಅಂತ ಯಾರನ್ನೂ ಕೇಳಬೇಕಿಲ್ಲ. ನೀವೂ ಅಳೆದ ಮೇಲೆ ಬರೆದಿಡಿ.

ಸಿಂಧನೂರು ಸ್ಟೇರಿಂಗ್

ಒಂದು ಸಂಶಯ. ಮಲ್ಟಿಮೀಟರ್ ಹಿಡಿದು ಅಂಗಡಿಯಲ್ಲೇ ನೋಡಿದರೆ 5ರದ್ದಾ 10ರದ್ದಾ ಗೊತ್ತಾಗುವುದಿಲ್ವಾ? ಎಷ್ಟೋ ಡುಪ್ಲಿಕೇಟ್ ಸೆಂಡರ್‌ಗಳ ಮೇಲೆ ಏನೂ ಕೊರೆದಿರುವುದಿಲ್ಲ.

ವೈರಿಂಗ್ ಮನೆ, ಗಂಗಾವತಿ

ಒಳ್ಳೆಯ ಪ್ರಶ್ನೆ. ಸುಮ್ನೆ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ. ಪ್ರೆಷರ್ ಇಲ್ಲದಾಗ ಎರಡೂ 10 ಓಮ್ ಹತ್ತಿರವೇ ತೋರಿಸುತ್ತವೆ. ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಗಾಳಿ ಕೊಟ್ಟು ನೋಡಬೇಕು. ಟೈರ್ ಅಂಗಡಿಯಲ್ಲಿ ರೆಗ್ಯುಲೇಟರ್ ಇರುವ ಕಂಪ್ರೆಸರ್ ಇದ್ದರೆ 4 ಬಾರ್, ಅಂದರೆ 58 ಪಿಎಸ್‌ಐ ಗಾಳಿಯನ್ನು ಅಡಾಪ್ಟರ್ ಮೂಲಕ ಸೆಂಡರ್‌ಗೆ ಕೊಡಿ. 5ರದ್ದಾದರೆ 150 ಓಮ್ ಹತ್ತಿರ ತೋರಿಸುತ್ತದೆ. 10ರದ್ದಾದರೆ 90ರ ಆಸುಪಾಸು. ಮುಚ್ಚುಮರೆ ಇಲ್ಲ. ಟೈರಿಗೆ ಕೊಡುವ ಪೂರ್ತಿ ಗಾಳಿಯನ್ನು ಮಾತ್ರ ನೇರವಾಗಿ ಬಿಡಬೇಡಿ, ಪರದೆ ಹಾಳಾಗಬಹುದು.

ಕುಷ್ಟಗಿ ಲೇಲ್ಯಾಂಡ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಹಳೇ ಲೇಲ್ಯಾಂಡ್. ಅದರಲ್ಲಿ ಯಾರೋ ತಾಮ್ರದ ಪೈಪನ್ನು ಎಂಜಿನ್‌ನಿಂದ ಕ್ಯಾಬಿನ್ ಒಳಗೇ ತಂದು ಮೆಕ್ಯಾನಿಕಲ್ ಗೇಜ್ ಹಾಕಿದ್ದಾರೆ. ಈಗ ನಟ್ ಹತ್ತಿರ ಆಯಿಲ್ ಒಸರುತ್ತಿದೆ. ಇಲ್ಲಿ ಎಲ್ಲರೂ ಮೆಕ್ಯಾನಿಕಲ್ ಗೇಜನ್ನು ಹೊಗಳುತ್ತಿದ್ದೀರಿ. ಹಾಗೇ ರಿಪೇರಿ ಮಾಡಿಸಲಾ, ಕರೆಂಟಿನದಕ್ಕೆ ಹೋಗಲಾ?

ಹಳೇ ಮಿಸ್ತ್ರಿ, ಬಳ್ಳಾರಿ

ಲೇಲ್ಯಾಂಡ್‌ನವರೇ, ಒಸರುತ್ತಿರುವ ಪೈಪನ್ನು ಒಂದು ದಿನವೂ ಹಾಗೆ ಬಿಡಬೇಡಿ. ಅದರೊಳಗಿರುವುದು ಕುದಿಯುವಷ್ಟು ಬಿಸಿ ಆಯಿಲ್, ಅದೂ ಒತ್ತಡದಲ್ಲಿ. ಕ್ಯಾಬಿನ್ ಒಳಗೆ ಪೈಪ್ ಒಡೆದರೆ ಡ್ರೈವರ್ ಕಾಲಿನ ಮೇಲೆ ಬೀಳುತ್ತದೆ. ಕೆಳಗೆ ಮ್ಯಾನಿಫೋಲ್ಡ್ ಮೇಲೆ ಒಡೆದರೆ ಬೆಂಕಿ ಹತ್ತುತ್ತದೆ. ಚೇಂಬರಿನ ಆಯಿಲ್ ಅದರ ಮೂಲಕವೇ ಖಾಲಿಯಾಗಬಹುದು. ತಾಮ್ರ ಅಲುಗಾಟಕ್ಕೆ ಗಟ್ಟಿಯಾಗುತ್ತ ಹೋಗಿ ಕೊನೆಗೆ ನಟ್ ಬುಡದಲ್ಲೇ ಸೀಳುತ್ತದೆ. ನಿಮ್ಮದು ಸೀಳಲು ಶುರುವಾಗಿರಬಹುದು. ನಟ್ ಬಿಗಿ ಮಾಡಿ ಮುಚ್ಚಬೇಡಿ.

ಮೆಕ್ಯಾನಿಕಲ್ ಗೇಜ್ ಪರೀಕ್ಷೆಗೆ ಬಹಳ ಒಳ್ಳೆಯದು. ಕ್ಯಾಬಿನ್‌ನಲ್ಲಿ ಕಾಯಂ ಇಡಲು ನನಗೆ ಮನಸ್ಸಿಲ್ಲ. ಇಡಲೇಬೇಕು ಅಂದರೆ ಹೊಸ ಪೈಪ್ ಹಾಕಿಸಿ. ಎಂಜಿನ್ ತುದಿಯಲ್ಲಿ ಪೈಪನ್ನು ಒಂದೆರಡು ಸುತ್ತು ಸುರುಳಿ ಮಾಡಿಸಿ, ಅಲುಗಾಟ ಅಲ್ಲಿ ಇಳಿಯುತ್ತದೆ. ಬ್ಲಾಕಿನ ಅಡಾಪ್ಟರ್‌ನಲ್ಲಿ ಸಣ್ಣ ತೂತಿನ ತಡೆ ಇರಲಿ. ಪೈಪ್ ಒಡೆದರೂ ಆಯಿಲ್ ಧಾರೆಯಾಗಿ ಬರದೆ ನಿಧಾನವಾಗಿ ಬರುತ್ತದೆ. ಕ್ಯಾಬಿನ್ ತಗಡು ದಾಟುವ ಕಡೆ ರಬ್ಬರ್ ಬುಷ್ ಬೇಕೇ ಬೇಕು. ಇಷ್ಟೆಲ್ಲ ಮಾಡುವ ಬದಲು ಕರೆಂಟಿನದಕ್ಕೆ ಹೋಗಿ ಅಂತ ನನ್ನ ಸಲಹೆ.

ಭತ್ತದ ಲೋಡ್, ಕಾರಟಗಿ

ಎಲ್ಲರಿಗೂ ಸುದ್ದಿ ಹೇಳಬೇಕು. ಬಳ್ಳಾರಿಯಿಂದ ಒಬ್ಬರು ಗೇಜ್ ತಂದುಕೊಟ್ಟರು. ಹಚ್ಚಿ ನೋಡಿದೆವು. ತಣ್ಣಗಿದ್ದಾಗ ರೇಸ್ ಕೊಟ್ಟರೆ 4.4. ಕಾರಟಗಿಯಿಂದ ಸಿಂಧನೂರು ರೋಡಿನಲ್ಲಿ ಓಡಿಸಿ ಪೂರ್ತಿ ಬಿಸಿ ಮಾಡಿ 1800 ಆರ್‌ಪಿಎಂಗೆ ನೋಡಿದರೆ 3.5. ಬಿಸಿ ಐಡಲ್ 1.1. ಮಿಸ್ತ್ರಿ ಸರ್ ಹೇಳಿದ ಕನಿಷ್ಠಕ್ಕಿಂತ ಎಲ್ಲವೂ ಮೇಲೆ!

ಗೇಜ್ ಮುಳ್ಳು ಏಳುವಾಗ ನಮ್ಮ ಕ್ಲೀನರ್ ಹುಡುಗ ಉಸಿರು ಬಿಗಿ ಹಿಡಿದು ನೋಡುತ್ತಿದ್ದ. ಈ ಗಾಡಿಯಿಂದ ಎರಡು ಮನೆ ನಡೆಯುತ್ತವೆ, ನಮ್ಮದೂ ಅವನದೂ. ಲಕ್ಷ ಉಳಿಯಿತು ಅನ್ನುವುದಕ್ಕಿಂತ, ಚೆನ್ನಾಗಿರುವ ಎಂಜಿನ್‌ನ ಕಂಪನಿ ಫಿಟಿಂಗ್ ಬಿಚ್ಚುವುದು ತಪ್ಪಿತು, ಅದು ನನಗೆ ದೊಡ್ಡ ಸಮಾಧಾನ.

ಈಗ 5 ಬಾರ್ ಸೆಂಡರ್ ತರಿಸುತ್ತಿದ್ದೇನೆ. ಹಾಕುವಾಗ ಏನು ನೋಡಬೇಕು? ಅಂಗಡಿಯವರು ಚೂಡಿಗೆ ಬಿಳಿ ಟೇಪ್ ಚೆನ್ನಾಗಿ ಸುತ್ತಿ ಹಾಕಿ ಎಂದಿದ್ದಾರೆ.

ವೈರಿಂಗ್ ಮನೆ, ಗಂಗಾವತಿ

ಬಹಳ ಸಂತೋಷ ಆಯಿತು ಅಣ್ಣಾ.

ಟೇಪ್ ವಿಷಯದಲ್ಲಿ ಜೋಪಾನ. ನಿಮ್ಮ ಸೆಂಡರ್‌ಗೆ ಬೇರೆ ಅರ್ಥ್ ವೈರ್ ಇಲ್ಲ, ಜಿ ಮತ್ತು ಡಬ್ಲ್ಯೂಕೆ ಎರಡೇ ಸ್ಕ್ರೂ. ಅಂದರೆ ಅದು ಅರ್ಥ್ ತಗೊಳ್ಳುವುದು ಚೂಡಿಯಿಂದಲೇ. ಟೇಪ್ ದಪ್ಪ ಸುತ್ತಿದರೆ ಅರ್ಥ್ ಸರಿಯಾಗಿ ಸಿಗುವುದಿಲ್ಲ, ಮುಳ್ಳು ಮೇಲಕ್ಕೆ ಹೋಗಿ ಇಲ್ಲದ ಪ್ರೆಷರ್ ತೋರಿಸುತ್ತದೆ. ನೇರ ಚೂಡಿ ಆದರೆ ಟೇಪೇ ಬೇಡ, ಹೊಸ ತಾಮ್ರದ ವಾಷರ್ ಸಾಕು. ಮೊನಚಾದ ಚೂಡಿ ಆದರೆ ಸ್ವಲ್ಪ ಸೀಲೆಂಟ್, ಮೊದಲ ಚೂಡಿ ಬಿಟ್ಟು. ಟೇಪಿನ ತುಂಡು ಆಯಿಲ್ ದಾರಿಗೆ ಹೋಗಬಾರದು. ಹಾಕಿದ ಮೇಲೆ ಮಲ್ಟಿಮೀಟರ್‌ನಲ್ಲಿ ಸೆಂಡರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ನೋಡಿ, ಓಮ್ ಸೊನ್ನೆಯ ಹತ್ತಿರ ಇರಬೇಕು.

ಜಿ ಸ್ಕ್ರೂಗೆ ಮೀಟರ್ ವೈರ್, ಡಬ್ಲ್ಯೂಕೆಗೆ ಕೆಂಪು ಲೈಟಿನ ವೈರ್. ಅದಲುಬದಲು ಮಾಡಬೇಡಿ. ಕಿಲುಬು ಹಿಡಿದ ವೈರ್ ತುದಿ ಕತ್ತರಿಸಿ ಹೊಸ ರಿಂಗ್ ಟರ್ಮಿನಲ್ ಒತ್ತಿಸಿ, ಮೇಲೆ ರಬ್ಬರ್ ಟೋಪಿ ಹಾಕಿ. ವೈರ್ ಮುಟ್ಟುವ ಮೊದಲು ಬ್ಯಾಟರಿ ಮೈನಸ್ ತೆಗೆಯಿರಿ.

ಕುಷ್ಟಗಿ ಲೇಲ್ಯಾಂಡ್

ನಾನೂ ಪೈಪ್ ತೆಗೆಸಿದೆ. ಮಿಸ್ತ್ರಿ ಸರ್ ಹೇಳಿದ ಹಾಗೇ ಇತ್ತು, ನಟ್ ಬುಡದಲ್ಲಿ ಉಗುರು ತಾಗುವಷ್ಟು ಸೀಳು. ಈಗ 24 ವೋಲ್ಟ್ ಮೀಟರ್, ಸೆಂಡರ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ತಂದಿದ್ದೇನೆ, ಎರಡರ ಮೇಲೂ 10 ಬಾರ್ ಅಂತ ಇದೆ. ಕ್ಯಾಬಿನ್ ತಗಡಿನಲ್ಲಿ ಹಳೇ ಪೈಪಿನ ತೂತು ಉಳಿದಿದೆ. ಅದರಲ್ಲೇ ವೈರ್ ತರಬಹುದಾ?

ವೈರಿಂಗ್ ಮನೆ, ಗಂಗಾವತಿ

ತರಬಹುದು. ತೂತಿನ ಅಂಚು ಅರದಿಂದ ಉಜ್ಜಿ, ಆ ಅಳತೆಯ ರಬ್ಬರ್ ಗ್ರಾಮೆಟ್ ಕೂರಿಸಿ. ವೈರ್‌ಗೆ ಸ್ಲೀವ್ ಹಾಕಿ. ಮೀಟರ್‌ಗೆ ಬರುವ ಪ್ಲಸ್ ವೈರ್ ಕೀ ಆನ್‌ನಲ್ಲಿ ಮಾತ್ರ ಬರುವ ಲೈನಿನಿಂದ, ಫ್ಯೂಸ್ ದಾಟಿದ ಮೇಲೆ ತಗೊಳ್ಳಿ. ನೇರವಾಗಿ ಬ್ಯಾಟರಿಯಿಂದ ಬೇಡ.